ಮೀನು ಹಿಡಿಯಲು ಯಾವ ವಾರ ಒಳ್ಳೆಯದು?

ಹೋದ ಭಾನುವಾರ ಸಂಜೆ ನಮ್ಮ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಫಿಶಿಂಗ್ ರಾಡ್, ರೀಲಿನಿಂದ ಬಿಚ್ಚಿಕೊಂಡು ಸೋಫಾ ಕಾಲಿಗೆ ಸುತ್ತಿಕೊಂಡ ದಾರ, ಮಧ್ಯದಲ್ಲಿ ನಾನು. ಪೊರಕೆ ಹಿಡಿದು ನಿಂತಿದ್ದ ಹೆಂಡತಿ ಕೇಳಿದಳು, "ಯಾವತ್ತು ಹೋಗ್ತಿರೋದು?"

"ನಾಳೆ."

"ನಾಳೆ ಸೋಮವಾರ ಕಣ್ರೀ."

ಮುಗಿಯಿತು. ಒಂದು ತಿಂಗಳ ತಯಾರಿ ಒಂದೇ ಮಾತಿಗೆ ಮಣ್ಣುಪಾಲಾಯಿತು. (ನಾವು ಮೀನು ತಿನ್ನುವವರೇ. ಆದರೆ ಸೋಮವಾರ ಶಿವನ ವಾರ. ಅವತ್ತು ಮೊಟ್ಟೆ ಎನ್ನುವ ಶಬ್ದವೂ ನಮ್ಮ ಅಡುಗೆಮನೆಗೆ ಬರುವಂತಿಲ್ಲ.)

ಈ ಟ್ರಿಪ್ ನನ್ನ ಆಸೆಯಲ್ಲ, ನಾಗರಾಜನದು. ಹೈಸ್ಕೂಲಿನಿಂದ ಗೆಳೆಯ, ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಲೇತ್ ಆಪರೇಟರ್. ಈಗ ಅವನನ್ನು ಹೊಸೂರಿನ ಯೂನಿಟ್ಟಿಗೆ ಹಾಕಿದ್ದಾರೆ. ಈ ವಾರವೇ ಸಂಸಾರ ಸಮೇತ ಹೊರಡಬೇಕು. ಸುದ್ದಿ ಬಂದ ದಿನ ಅವನು ಕೇಳಿದ್ದು ಒಂದೇ. "ಮೊದಲಿನ್ ಥರ ಕಡಬ ಕೆರೇಲಿ ಮೂರೂ ಜನ ಒಂದಿನ ಗಾಳ ಹಾಕ್ಕೊಂಡು ಕೂತ್ಕೊಳಾನ ಕಣ್ರೋ. ಆಮೇಲೆ ಯಾವಾಗ್ಲೋ ಏನೋ." ಮೂರನೆಯವನು ಕುಣಿಗಲ್ಲಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮಂಜು. ಕೆರೆಯ ಮೀನು ಗುತ್ತಿಗೆ ಹಿಡಿದವರನ್ನೂ ನಾಗರಾಜನೇ ಮಾತಾಡಿಸಿ ಒಪ್ಪಿಸಿದ್ದ.

ಇಷ್ಟು ಸುಲಭದ ಕೆಲಸವನ್ನು ನಾವು ಎಷ್ಟು ಕಷ್ಟ ಮಾಡಿಕೊಂಡೆವು ನೋಡಿ.

ಮಂಜು ಫೋಲ್ಡಿಂಗ್ ಚೇರ್ ಕೊಂಡ. ಐಸ್ ಬಾಕ್ಸ್ ಕೊಂಡ. ಏರಿ ಮೇಲೆ ಕೂರುವುದಕ್ಕೆ ಲೈಫ್ ಜಾಕೆಟ್ ಕೊಂಡ! ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಗಂಟು ಹಾಕುವುದು ಕಲಿತೆ. (ಬಿಚ್ಚುವುದು ಕಲಿಯಲಿಲ್ಲ.) ನಾಗರಾಜನ ತಯಾರಿ ಅಂದರೆ ಒಂದು ಬಿದಿರು ಕಡ್ಡಿ, ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿದ ಒಂದು ಉಂಡೆ. ಹತ್ತು ನಿಮಿಷದ ಕೆಲಸ.

ಎಲ್ಲ ಸಿಕ್ಕಿತು, ದಿನ ಮಾತ್ರ ಸಿಗಲಿಲ್ಲ. ನಾಗರಾಜನ ವಾರದ ರಜೆ ಸೋಮವಾರ, ಅದು ನನಗಾಗದು. ಪಾಪ, ಸೂಪರ್‌ವೈಸರ್ ಕೈಕಾಲು ಹಿಡಿದು ಒಂದು ಭಾನುವಾರ ರಜೆ ತೆಗೆದುಕೊಂಡ. ಅವತ್ತು ಅಮಾವಾಸ್ಯೆ. "ಅಮಾಸೆ ದಿನ ನೀರತ್ರ ಹೋಗ್ಬಾರ್ದು ಅಂತವ್ರೆ ನಮ್ಮವ್ವ" ಎಂದ ಮಂಜು. ನಾಗರಾಜ ಶಿಫ್ಟ್ ಬದಲಿಸಿಕೊಂಡು ಶನಿವಾರ ಹೊಂದಿಸಿದ. ಶನಿವಾರ ಮಂಜುವಿಗೆ ಆಂಜನೇಯ. ಗುರುವಾರ ನನ್ನ ಹೆಂಡತಿಯ ಒಪ್ಪತ್ತು. ಶುಕ್ರವಾರ ಲಕ್ಷ್ಮಿ. ಮಂಗಳವಾರ, ಬುಧವಾರ ಯಾವ ದೇವರಿಗೂ ಬೇಡ, ಆದರೆ ನಮ್ಮ ಆಫೀಸಿಗೆ ಬೇಕು.

ಕೊನೆಗೆ ನಾಗರಾಜ ರೇಗಿದ. "ನಿಮ್ ಪಂಚಾಂಗ ಮುಗಿಯೋಹೊತ್ಗೆ ನಾನು ಹೊಸೂರಲ್ಲಿರ್ತೀನಿ ಕಣ್ಲಾ. ಈ ಸೋಮವಾರ ನನ್ ಕೊನೇ ರಜ. ಬರ್ತೀರೋ ಇಲ್ವೋ?"

"ಬರ್ತೀವಿ" ಎಂದೆವು, ಧೈರ್ಯವಾಗಿ. ಮನೆಯಲ್ಲಿ ಯಾವ ವಾರ ಅಂತ ಹೇಳಿರಲಿಲ್ಲ ಅಷ್ಟೇ.

ಈಗ ಪೊರಕೆಯ ಮುಂದೆ ನನ್ನ ವಾದ ಶುರುವಾಯಿತು. "ಹಿಡೀತೀವಿ, ತಿನ್ನಲ್ಲ. ಮಂಗಳವಾರದವರೆಗೆ ಫ್ರಿಜ್ಜಲ್ಲಿ..."

"ದೇವರ ಹೂವು ಇಡೋ ಫ್ರಿಜ್ಜಲ್ಲಾ? ನಾಳೆ ಮೀನು ಈ ಮನೆಗೆ ಬರ್ಬಾರ್ದು."

"ಸರಿ, ನೀರಿಗೇ ವಾಪಸ್ ಬಿಡ್ತೀವಿ."

"ಬಿಡೋದಕ್ಕೆ ಯಾಕ್ರೀ ಹಿಡೀಬೇಕು?"

ಮಂಜುವಿಗೆ ಫೋನ್ ಮಾಡಿದೆ. "ನೀನು ಬರ್ದೆ ನಾನೊಬ್ನೇ ಹೋಗಿ ಏನ್ಲಾ ಮಾಡ್ಲಿ?" ಎಂದ. ಅವನಿಗೂ ಒಂದು ನೆಪ ಬೇಕಿತ್ತು. ನಾಗರಾಜನಿಗೆ ಮೆಸೇಜ್ ಹಾಕಿದೆ: 'ಈ ವಾರ ಬೇಡ, ಮುಂದಿನ ವಾರ ನೋಡೋಣ.' ಅವನಿಗೆ ಮುಂದಿನ ವಾರ ಇಲ್ಲವೆಂದು ಗೊತ್ತಿದ್ದೂ ಹಾಕಿದೆ. ಒಂದು ಹೆಬ್ಬೆರಳು ವಾಪಸ್ ಬಂತು.

ಸೋಮವಾರ ಹನ್ನೊಂದು ಗಂಟೆಗೆ ಆಫೀಸಿನಲ್ಲಿದ್ದಾಗ ಅವನ ಫೋನ್. ಗಾಳಿಯ ಸದ್ದು. "ಕಡಬದಲ್ಲಿದೀನಿ ಕಣೋ, ಏರಿ ಮೇಲೆ."

"ಒಬ್ನೇನಾ? ಮೀನು ಬಿತ್ತೇನೋ?"

"ಗಾಳನೇ ಹಾಕಿಲ್ಲ. ಮೀನು ಯಾವನಿಗ್ ಬೇಕಿತ್ತು? ದುಡ್ ಕೊಟ್ರೆ ಮಾರ್ಕೆಟ್ಟಲ್ ಸಿಗಲ್ವಾ? ಬುಡು, ಇಡ್ತೀನಿ."

ನನ್ನ ಮೇಲಿನ ಸಿಟ್ಟನ್ನು ಸಂಜೆ ಎಂದಿನಂತೆ ಹೆಂಡತಿಯ ಮೇಲೆ ತೀರಿಸಿಕೊಳ್ಳಲು ಹೋದೆ. "ನಿನ್ನಿಂದ ತಪ್ಪೋಯ್ತು!"

ಅವಳು ಬೆರಗಾಗಿ ನೋಡಿದಳು. "ನಾನೆಲ್ಲಿ ಹೋಗ್ಬೇಡಿ ಅಂದೆ? ಮೀನು ತರ್ಬೇಡಿ ಅಂದೆ. ನೀವು ಹೋಗಿ ಬರ್ಬೋದಿತ್ತಲ್ಲ."

ಹೌದಲ್ಲ! ಸೋಮವಾರ ಮೀನು ಮುಟ್ಟಬಾರದು, ಒಪ್ಪಿದೆ. ಏರಿ ಮೇಲೆ ನಾಗರಾಜನ ಪಕ್ಕ ಬರಿಗೈಯಲ್ಲಿ ಕೂರಬಾರದು ಅಂತ ಯಾವ ದೇವರು ಹೇಳಿದ್ದ?