ಬೀಗರೂಟದ ದಿನ ಮುನೀಂದ್ರ ಹೇಳಿದ ನಿಜ

ಜಿಗಣಿಯ ಹಳೇ ಊರಿನಲ್ಲಿ ಪಿಳ್ಳಮ್ಮನವರ ಮನೆಯ ಗೇಟಿಗೆ ಒಂದು ತಗಡಿನ ಬೋರ್ಡು ಕಟ್ಟಿದೆ: ‘ಕುಡಿಯುವವರಿಗೆ ಮನೆ ಬಾಡಿಗೆಗೆ ಇಲ್ಲ.’ ಅಕ್ಷರ ಪೇಂಟರನದು, ಮಾತು ಪಿಳ್ಳಮ್ಮನವರದು. ಬೋರ್ಡು ಕಟ್ಟಿದ ಕಾಲದಲ್ಲಿ ದಿನಾ ಸಂಜೆ ಅದೇ ಗೇಟು ಹಿಡಿದುಕೊಂಡು ಐದು ನಿಮಿಷ ಚಿಲಕ ಹುಡುಕುತ್ತಿದ್ದವನು ಅವರ ಮಗ ಮುನೀಂದ್ರ. ಬೋರ್ಡಿನ ಮಾತು ಮಗನಿಗೂ ಸಲ್ಲುತ್ತದೆ ಎಂದು ಪಿಳ್ಳಮ್ಮನವರಿಗೆ ಎಂದೂ ಅನ್ನಿಸಲಿಲ್ಲ. ಅವನು ಬಾಡಿಗೆಯವನಲ್ಲವಲ್ಲ.

ಮುನೀಂದ್ರನಿಗೆ ಈಗ ನಲವತ್ತೊಂಬತ್ತು. ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಉಳಿದ ಜಾಗದಲ್ಲಿ ಅವನ ತಂದೆ ಹತ್ತು ಕೋಣೆಗಳ ಒಂದು ಸಾಲು ಕಟ್ಟಿಸಿದರು. ಮುನೀಂದ್ರ ಗ್ರಾನೈಟ್ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ಆದ. ಇಪ್ಪತ್ತೆರಡು ವರ್ಷ ಕುಡಿದ. ಅಷ್ಟು ವರ್ಷವೂ ಊರಿನಲ್ಲಿ ಯಾರೂ ಅವನನ್ನು ಕುಡುಕ ಎನ್ನಲಿಲ್ಲ. ‘ಸಂಜೆ ಹೊತ್ತು ಸ್ವಲ್ಪ ತಗೋತಾನೆ’ ಎನ್ನುತ್ತಿದ್ದರು. ಮೋರಿ ಪಕ್ಕ ಬಿದ್ದಿದ್ದ ದಿನ, ‘ಪಾಪ, ಸುಸ್ತಾಗಿತ್ತೇನೋ’ ಎಂದು ಇಬ್ಬರು ಎತ್ತಿಕೊಂಡು ಬಂದು ಮನೆ ಮುಟ್ಟಿಸಿದ್ದರು.

ಕುಡುಕ ಎಂಬ ಹೆಸರಿದ್ದದ್ದು ಈಶಪ್ಪನಿಗೆ. ಅವನು ರಾಯಚೂರು ಕಡೆಯವನು, ಪಿಳ್ಳಮ್ಮನವರ ಏಳನೇ ಕೋಣೆಯ ಬಾಡಿಗೆದಾರ. ಮುನೀಂದ್ರನ ಕ್ರೇನಿನ ಕೆಳಗೆ ನಿಂತು ಕಲ್ಲಿನ ಹಲಗೆಗೆ ಬೆಲ್ಟು ಬಿಗಿಯುವುದು ಅವನ ಕೆಲಸ. ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ಬ್ರ್ಯಾಂಡಿಯನ್ನು, ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಕುಡಿಯುತ್ತಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ಹಲಗೆಯೊಂದು ಬೆಲ್ಟಿನಿಂದ ಜಾರಿ ಈಶಪ್ಪನ ಕಾಲಿನಿಂದ ಒಂದು ಗೇಣು ದೂರದಲ್ಲಿ ಬಿದ್ದು ಒಡೆಯಿತು. ಹಿಂದಿನ ರಾತ್ರಿಯ ನಶೆ ಇಬ್ಬರಿಗೂ ಇಳಿದಿರಲಿಲ್ಲ. ಕಾರ್ಖಾನೆ ಈಶಪ್ಪನನ್ನು ಕುಡುಕನೆಂದು ಕೆಲಸದಿಂದ ತೆಗೆಯಿತು. ಮುನೀಂದ್ರನಿಗೆ, ಮನಸ್ಸಿಗೆ ಆಘಾತವಾಗಿದೆಯೆಂದು ಒಂದು ವಾರ ರಜೆ ಕೊಟ್ಟಿತು. ಅದೇ ವಾರ ಪಿಳ್ಳಮ್ಮನವರು ಬೋರ್ಡು ತೋರಿಸಿ ಏಳನೇ ಕೋಣೆ ಖಾಲಿ ಮಾಡಿಸಿದರು.

ಆ ರಜೆಯಲ್ಲಿ ಮುನೀಂದ್ರನಿಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಹಲಗೆ ಜಾರುತ್ತಿತ್ತು. ಬೆಲ್ಟು ಬಿಗಿದದ್ದು ಸರಿಯಾಗಿಯೇ ಇತ್ತು, ಕ್ರೇನಿನ ಲಿವರ್ ಎಳೆದ ತನ್ನ ಕೈಯೇ ತಪ್ಪಿತ್ತು ಎಂಬುದು ಅವನಿಗೆ ಮಾತ್ರ ಗೊತ್ತಿತ್ತು. ಎಂಟನೇ ದಿನ ಈಶಪ್ಪನನ್ನು ಹುಡುಕಿಕೊಂಡು ಹೋಗಿ ಅದನ್ನು ಹೇಳಿದ. ಈಶಪ್ಪ ಬೈಯಲಿಲ್ಲ. ‘ಭಾನುವಾರ ಒಂದು ಕಡೆ ಹೋಗ್ತಿದೀನಿ, ಬರ್ತೀಯೇನಣ್ಣ?’ ಎಂದ. ಚರ್ಚಿನ ಪಕ್ಕ ಹೊಲಿಗೆ ಕ್ಲಾಸು ನಡೆಯುವ ಕೋಣೆಯಲ್ಲಿ ಕುಡಿತ ಬಿಡಬೇಕೆಂದವರ ಸಭೆ ಸೇರುತ್ತಿತ್ತು. ಅಲ್ಲಿ ಎದ್ದು ನಿಂತು, ಹೆಸರು ಹೇಳಿ, ‘ನಾನು ಕುಡುಕ’ ಎನ್ನಬೇಕು. ಮುನೀಂದ್ರ ಮೂರನೇ ಭಾನುವಾರ ಹಾಗೆ ಅಂದ. ಅಂದಿನಿಂದ ಮುಟ್ಟಲಿಲ್ಲ.

ಸುದ್ದಿ ಊರಿಗೆ ತಲುಪಲು ಎರಡು ದಿನ ಬೇಕಾಯಿತು. ಇಪ್ಪತ್ತೆರಡು ವರ್ಷ ಕುಡಿದಾಗ ಬಾರದ ಹೆಸರು ಬಿಟ್ಟ ಮೇಲೆ ಬಂತು. ‘ನಮ್ ಮುನೀಂದ್ರ ಕುಡುಕನಂತೆ ಕಣೋ, ಮೀಟಿಂಗಿಗೆ ಹೋಗ್ತಾನಂತೆ’ ಎಂದು ಹೋಟೆಲಿನಲ್ಲಿ ಮಾತಾಯಿತು. ಹೇಳಿದವನ ಕೈಯಲ್ಲಿ ವೈನ್ ಸ್ಟೋರಿನ ಕಪ್ಪು ಕವರ್ ಇತ್ತು.

ಪಿಳ್ಳಮ್ಮನವರಿಗೆ ಇದು ಸಹಿಸಲಾಗಲಿಲ್ಲ. ‘ಕುಡಿದ್ರೆ ಕುಡ್ಕೊಂಡು ಸುಮ್ನೆ ಇರ್ಬೇಕಪ್ಪ. ಬುಟ್ರೆ ಬುಟ್ಬುಟ್ಟು ಸುಮ್ನೆ ಇರ್ಬೇಕು. ಊರಿಗೆಲ್ಲ ಡಂಗುರ ಸಾರೋಕೆ ಏನಾಗಿತ್ತು ನಿಂಗೆ?’

ಹೀಗೆ ಹದಿನಾಲ್ಕು ತಿಂಗಳು ಕಳೆದವು. ಅಷ್ಟರಲ್ಲಿ ಮಗಳು ವೇಣಿಯ ಮದುವೆ ಅತ್ತಿಬೆಲೆಯ ಕೃಷ್ಣಪ್ಪನ ಮಗನೊಂದಿಗೆ ಆಯಿತು. ಕೃಷ್ಣಪ್ಪನಿಗೆ ನಾಲ್ಕು ಟಿಪ್ಪರ್ ಲಾರಿಗಳಿವೆ, ದೊಡ್ಡ ನಗುವಿದೆ. ಧಾರೆ ಮುಗಿದ ಮೂರನೇ ದಿನ ಹೆಣ್ಣಿನ ಕಡೆಯವರು ಬೀಗರೂಟ ಹಾಕಬೇಕು. ಹೆಂಗಸರಿಗೆ, ಮಕ್ಕಳಿಗೆ ಛತ್ರದೊಳಗೆ ಮುದ್ದೆ, ಮಟನ್ ಸಾರು. ಗಂಡಸರಿಗೆ ಅದಕ್ಕೆ ಮುಂಚೆ ಛತ್ರದ ಹಿಂದೆ, ನೀರಿನ ಟ್ಯಾಂಕರ್ ನಿಲ್ಲುವ ಜಾಗದಲ್ಲಿ, ಬೇರೆ ಶಾಮಿಯಾನ. ಅಲ್ಲಿ ಏನು ನಡೆಯುತ್ತದೆಂದು ಹೆಂಗಸರಿಗೆಲ್ಲ ಗೊತ್ತು, ಯಾರಿಗೂ ಗೊತ್ತಿಲ್ಲ. ಇಬ್ಬರು ಬೀಗರೂ ಲೋಟ ಹಿಡಿದು ನಿಲ್ಲದೆ ಆ ಶಾಮಿಯಾನದಲ್ಲಿ ಬಾಟಲಿ ತೆಗೆಯುವ ಪದ್ಧತಿಯಿಲ್ಲ.

ಬೀಗರೂಟದ ಹಿಂದಿನ ದಿನ ಹೆಂಡತಿ ಮಹಾಲಕ್ಷ್ಮಿಯ ತಮ್ಮ ಮುರಳಿ ಸುದ್ದಿ ತಂದ. ‘ಭಾವ, ಅವ್ರ ಕಡೆ ಒಂದೇ ಪ್ರಶ್ನೆ. ಹುಡುಗಿ ಅಪ್ಪ ಮುಟ್ಟೋದೇ ಇಲ್ವಂತೆ, ಲಿವರ್ ಹೋಗೈತಾ, ಇಲ್ಲಾ ಮುಂಚೆ ಕುಡುಕನಾ ಅಂತ.’

‘ಎರಡ್ರಲ್ಲಿ ಯಾವುದು ವಾಸಿ?’ ಎಂದ ಮುನೀಂದ್ರ.

‘ತಮಾಷೆ ಬೇಡ ಭಾವ. ವೇಣಿ ನಾಳೆ ಆ ಮನೇಲಿ ಬಾಳ್ಬೇಕು. ಕುಡುಕನ ಮಗಳು ಅಂತ ಅಲ್ಲಿ ಯಾರೂ ಅನ್ಬಾರ್ದು. ಒಂದು ಪೆಗ್ಗು ತಗೊಂಡ್ಬಿಡಿ, ಮುಗೀತು.’

ಒಂದು ಪೆಗ್ಗು ಎಲ್ಲಿ ಮುಗಿಯುತ್ತದೆಂದು ಮುನೀಂದ್ರನಿಗೆ ಮುರಳಿಗಿಂತ ಚೆನ್ನಾಗಿ ಗೊತ್ತಿತ್ತು. ಮಹಾಲಕ್ಷ್ಮಿಗೂ ಗೊತ್ತಿತ್ತು. ‘ಕುಡಿದು ಬಂದ್ರೆ ನಾನು ತವರಿಗೆ ಹೋಗ್ತೀನಿ’ ಎಂದಳು. ತಮ್ಮನ ಕಡೆ ತಿರುಗಿ, ‘ತವರಲ್ಲಿ ಇವ್ನಿರ್ತಾನೆ, ಅದೇ ಕಷ್ಟ’ ಎಂದಳು.

ಕೊನೆಗೆ ದಾರಿ ಸಿಕ್ಕಿದ್ದು ಈಶಪ್ಪನಿಂದ. ಅವನೀಗ ಅಡುಗೆ ಕಂಟ್ರಾಕ್ಟರ್ ಬಳಿ ಬಡಿಸುವ ಕೆಲಸದಲ್ಲಿದ್ದ, ಬೀಗರೂಟಕ್ಕೂ ಅವನದೇ ತಂಡ. ‘ಜೀರಾ ಸೋಡಾ ಅಣ್ಣ. ಲೋಟಕ್ಕೆ ಹಾಕಿದ್ರೆ ರಮ್ಮಿಗೂ ಅದಕ್ಕೂ ಬಣ್ಣ ಒಂದೇ. ನಿನ್ ಲೋಟ ನಾನೇ ತುಂಬ್ತೀನಿ. ಬೇರೆ ಯಾರ ಕೈಯಿಂದನೂ ಈಸ್ಕೋಬೇಡ.’

ಶಾಮಿಯಾನದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಯಿತು. ಬೋಟಿ ಫ್ರೈ, ಬೇಯಿಸಿದ ಮೊಟ್ಟೆ, ಪ್ಲಾಸ್ಟಿಕ್ ಲೋಟಗಳು. ಮುನೀಂದ್ರ ಜೀರಾ ಸೋಡಾ ಹಿಡಿದು ಎಲ್ಲರನ್ನೂ ಮಾತಾಡಿಸಿದ. ಮೂರು ಲೋಟ ಮುಗಿಸಿದ. ಅತ್ತಿಬೆಲೆಯವರು ನೋಡಿದರು, ಅವರ ಮುಖ ಸಡಿಲವಾಯಿತು. ‘ಬೀಗ್ರು ನಮ್ಮಂಗೇ ಅವ್ರೆ ಬುಡ್ರಲಾ’ ಎಂದು ಒಬ್ಬ ಮುದುಕ ತೀರ್ಪು ಕೊಟ್ಟ.

ಎರಡು ಗಂಟೆಗೆ ಕೃಷ್ಣಪ್ಪ ಕಾರಿನಿಂದ ಫಾರಿನ್ ಬಾಟಲಿ ತರಿಸಿದ. ಹೊಸ ಲೋಟಕ್ಕೆ ಅರ್ಧದವರೆಗೆ ಸುರಿದು, ನೀರು ಬೆರೆಸದೆ, ಮುನೀಂದ್ರನ ಮುಂದೆ ಹಿಡಿದ. ‘ಬೀಗ್ರೇ, ಇದು ನನ್ ಕೈಯಿಂದ. ಇಲ್ಲ ಅಂದ್ರೆ ನನಗೇ ಇಲ್ಲ ಅಂದಂಗೆ.’

ಎಲ್ಲರೂ ಇತ್ತ ತಿರುಗಿದರು. ಈಶಪ್ಪ ಆ ತುದಿಯಲ್ಲಿ ಮೊಟ್ಟೆಯ ತಟ್ಟೆ ಹಿಡಿದು ನಿಂತಿದ್ದ, ಬರುವಷ್ಟು ಹತ್ತಿರದಲ್ಲಿರಲಿಲ್ಲ. ಲೋಟ ಮುನೀಂದ್ರನ ಕೈಗೆ ಬಂತು. ವಾಸನೆ ಮೂಗಿಗೆ ಬಂತು. ಹದಿನಾಲ್ಕು ತಿಂಗಳಲ್ಲಿ ಅಷ್ಟು ಹತ್ತಿರ ಬಂದಿರಲಿಲ್ಲ. ಬಾಯಲ್ಲಿ ನೀರೂರಿತು, ಕೈ ನಡುಗಿತು. ಅಂದು ಕ್ರೇನಿನ ಲಿವರ್ ಎಳೆದ ಕೈ ಅದೇ. ಭಾನುವಾರ ಹೇಳುವ ಮಾತನ್ನೇ, ಅಲ್ಲಿ ಹೇಳುವ ದನಿಯಲ್ಲೇ ಹೇಳಿದ.

‘ನನ್ನ ಹೆಸರು ಮುನೀಂದ್ರ. ನಾನು ಕುಡುಕ. ಇದನ್ನ ಕುಡಿದ್ರೆ ನಾನು ಸಾಯ್ತೀನಿ ಕೃಷ್ಣಪ್ಪನವ್ರೇ.’

ಎಲ್ಲರೂ ಶಾಮಿಯಾನ ಹಾರಿಹೋಗುವ ಹಾಗೆ ನಕ್ಕರು.

‘ಏರ್ಬುಡ್ತು! ಬೀಗ್ರಿಗೆ ಏರ್ಬುಡ್ತು ಕಣ್ರೋ!’

‘ಹೆಸ್ರು ಬೇರೆ ಹೇಳ್ಕೊಂತವ್ರೆ, ಮರ್ತೋಯ್ತದೆ ಅಂತ!’

‘ನನ್ ಭಾಮೈದನೂ ಅಷ್ಟೇ, ಜಾಸ್ತಿ ಆದ್ರೆ ನಿಜ ಮಾತಾಡೋಕೆ ಸುರು ಮಾಡ್ತಾನೆ.’

ಕೃಷ್ಣಪ್ಪನ ಕಣ್ಣಲ್ಲಿ ನಕ್ಕು ನಕ್ಕು ನೀರು ಬಂದಿತ್ತು. ಅವನೇ ಮುನೀಂದ್ರನ ನಡುಗುವ ಕೈಯಿಂದ ಲೋಟ ಬಿಡಿಸಿಕೊಂಡ. ‘ಸಾಕು ಬೀಗ್ರೇ, ಇನ್ನು ಬೇಡ. ಲೇ ತಮ್ಮಾ, ಇವ್ರಿಗೊಂದು ಮಜ್ಜಿಗೆ ಕೊಡು’ ಎಂದು ಈಶಪ್ಪನನ್ನು ಕರೆದ. ಲೋಟ ತಾನೇ ಖಾಲಿ ಮಾಡಿದ.

ಇಪ್ಪತ್ತೆರಡು ವರ್ಷ ಕುಡಿದವನ ಕೈಯಿಂದ ಸಾಕು ಎಂದು ಯಾರಾದರೂ ಲೋಟ ಕಿತ್ತುಕೊಂಡದ್ದು ಅದೇ ಮೊದಲು.

ಈಶಪ್ಪ ಮಜ್ಜಿಗೆ ತಂದ. ಮುನೀಂದ್ರ ಟ್ಯಾಂಕರಿನ ನೆರಳಲ್ಲಿ ಕುಳಿತು ಕುಡಿದ. ಕೈ ನಡುಕ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಅದನ್ನು ನೋಡಿದವರೂ ನಶೆ ಇಳಿಯುತ್ತಿದೆ ಎಂದುಕೊಂಡರು.

ಭಾನುವಾರದ ಸಭೆಯಲ್ಲಿ ಅವನು ಇದನ್ನೆಲ್ಲ ಹೇಳಿದಾಗ ಅಲ್ಲಿಯೂ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ವೇಣಿ ಫೋನ್ ಮಾಡಿದಳು: ‘ಅಪ್ಪ, ಮಾವನೋರು ನಿನ್ನ ತುಂಬಾ ಹೊಗಳ್ತಿದ್ರು. ಯುಗಾದಿ ಮಾರನೇ ದಿನ ಹೊಸತೊಡಕಿನ ಬಾಡೂಟಕ್ಕೆ ಬರ್ಲೇಬೇಕಂತೆ. ನಾನು ಆಗ್ಲೇ ಜೀರಾ ಸೋಡಾ ತಂದಿಟ್ಟಿದೀನಿ.’

ಈಗ ಈಶಪ್ಪ ಭಾನುವಾರ ಮುನೀಂದ್ರನನ್ನು ಕರೆದೊಯ್ಯಲು ಬಂದರೆ ಗೇಟಿನ ಹೊರಗೇ ನಿಲ್ಲುತ್ತಾನೆ. ಹದಿನೈದು ತಿಂಗಳಿಂದ ಅವನೂ ಒಂದು ಹನಿ ಮುಟ್ಟಿಲ್ಲ, ಆದರೆ ಪಿಳ್ಳಮ್ಮನವರು ಒಳಗೆ ಬಿಡುವುದಿಲ್ಲ. ಜಗಲಿಯ ಮೇಲೆ ಕುಳಿತು ಪಕ್ಕದ ಮನೆಯ ಗೌರಮ್ಮನಿಗೆ ಕೇಳಿಸುವಂತೆ ಹೇಳುತ್ತಾರೆ:

‘ಆ ಕುಡುಕನ ಸವಾಸ ಬುಡು ಅಂದ್ರೆ ಕೇಳಲ್ಲ ಕಣೇ. ನನ್ ಮಗ ಏನು ಕುಡುಕನಾ? ಬೀಗರೂಟದ ದಿನ ಅತ್ತಿಬೆಲೆಯೋರೆಲ್ಲರ ಎದುರ್ಗೆ ಕುಡಿದು, ನೆಟ್ಟಗೆ ನಿಂತಿದ್ದ.’