ನಾನು ಒದ್ದ ಬೆನ್ನು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಬೆನ್ನಿಗೆ ಒದ್ದರೆ ಉಳುಕು ಹೋಗುತ್ತದೆಂದು ನಮ್ಮ ಕಡೆ ನಂಬಿಕೆ. ತೊಂಬತ್ತರ ದಶಕದ ಭದ್ರಾವತಿ. ಕಾಗದನಗರದ ನಮ್ಮ ಕ್ವಾರ್ಟರ್ಸಿಗೆ ಭಾನುವಾರ ಬೆಳಗಾದರೆ ಬೆನ್ನುಗಳು ಬರುತ್ತಿದ್ದವು. ಮಿಲ್ಲಿನಲ್ಲಿ ಭಾರ ಎತ್ತಿ ಸೊಂಟ ಹಿಡಿದವರು, ಬಿಂದಿಗೆ ಹೊತ್ತು ಉಳುಕಿಸಿಕೊಂಡವರು ಹೊಸ್ತಿಲಿಗೆ ಬೆನ್ನು ಮಾಡಿ ನಿಲ್ಲುವರು. ನಾನು ಬರಿಹೊಟ್ಟೆಯಲ್ಲಿ ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದೆಯಬೇಕು. ಆಗ ಅಮ್ಮನ ಮುಖ ನೋಡಬೇಕಿತ್ತು! ನಾನು ರ‍್ಯಾಂಕ್ ಬಂದಿದ್ದರೂ ಅವಳು ಅಷ್ಟು ಹಿಗ್ಗುತ್ತಿರಲಿಲ್ಲ.

ಒಂದು ದಿನ ಅಮ್ಮನದೇ ಬೆನ್ನು ಬಂತು. ಹೆಗಲ ಎಲುಬುಗಳ ನಡುವೆ ನೋವು, ಮಲಗಿದರೆ ಇನ್ನೂ ಹೆಚ್ಚು. ನಾಲ್ಕು ಭಾನುವಾರ ಒದ್ದೆ. ಪ್ರತಿ ಸಲವೂ "ಹಗುರ ಆಯ್ತು ಕಣೆ" ಎನ್ನುತ್ತಿದ್ದಳು. ಐದನೆಯ ವಾರ ಅಂಗಳದಲ್ಲಿ ಅವಳ ಒಂದು ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವಳಿಗೆ ಗೊತ್ತೇ ಆಗದೆ ನಡೆದುಹೋದಳು. ಆ ವಾರ ಒದೆಯಲಿಲ್ಲ, ಡಾಕ್ಟರ ಹತ್ತಿರ ಹೊರಡಿಸಿದೆ.

ಶಿವಮೊಗ್ಗದ ರವೀಂದ್ರನಗರದಲ್ಲಿ ನರದ ಡಾಕ್ಟರೊಬ್ಬರು ಪಿನ್ನು ಹಿಡಿದು ಪಾದದಿಂದ ಮೇಲಕ್ಕೆ ಚುಚ್ಚುತ್ತಾ ಹೋದರು. ಎದೆಯ ಕೆಳಗಿನವರೆಗೆ ಅಮ್ಮನಿಗೆ ಚುಚ್ಚಿದ್ದು ಸರಿಯಾಗಿ ತಿಳಿಯಲೇ ಇಲ್ಲ. ಸ್ಕ್ಯಾನಿಗೆ ಮಂಗಳೂರಿಗೆ ಹೋದೆವು. ಬೆನ್ನುಹುರಿಯನ್ನು ಒತ್ತುತ್ತಾ ಒಂದು ಗಡ್ಡೆ ಕೂತಿತ್ತು. ತೆಗೆಯದಿದ್ದರೆ ಎರಡೂ ಕಾಲು ಹೋಗುತ್ತವೆ ಎಂದರು ಸರ್ಜನ್. ಅಪ್ಪ ತೀರಿಕೊಂಡ ಮೇಲೆ ಮಿಲ್ಲಿನಲ್ಲಿ ದಿನವಿಡೀ ನಿಂತು ಕಾಗದ ಆರಿಸಿ ನನ್ನನ್ನು ಸಾಕಿದವಳು ಅವಳು.

ಜೊತೆಗೆ ಬಂದಿದ್ದ ಸೋದರಮಾವ ಎದ್ದು ನಿಂತ. "ಬೆನ್ಮೂಳೆಗೆ ಚಾಕು ಹಾಕಿಸ್ಕೊಂಡೋರು ಎದ್ದು ಓಡಾಡಿದ್ದು ಯಾರು ನೋಡಿದಾರೆ ಮಾರಾಯ್ತಿ? ಎಣ್ಣೆ ತಿಕ್ಸೋಣ, ನಡಿ."

"ನೀನು ಬೇಕಾದ್ರೆ ಹೋಗು. ನಾನು ಸೈನ್ ಹಾಕ್ತೀನಿ," ಎಂದೆ. ಹಾಕಿದೆ.

ಆ ಸರ್ಜನ್ ಇಂಥ ಗಡ್ಡೆಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಮೊದಲ ನೋವಿನಿಂದ ಪತ್ತೆಯಾಗುವವರೆಗೆ ಎಷ್ಟು ದಿನ ಹೋಯಿತು, ತಡವಾದವರು ಆಪರೇಷನ್ ಆದಮೇಲೆ ಎಷ್ಟರಮಟ್ಟಿಗೆ ನಡೆಯುತ್ತಾರೆ ಎಂಬುದು ಅವರ ಪ್ರಶ್ನೆ. ಕಿರಿಯ ಡಾಕ್ಟರೊಬ್ಬರು ಫಾರ್ಮ್ ಹಿಡಿದು ಬಂದು, ಇಲ್ಲಿಯವರೆಗೆ ಏನು ಚಿಕಿತ್ಸೆ ಮಾಡಿಸಿದಿರಿ ಎಂದರು.

"ಏನಿಲ್ಲ ಸಾರ್," ಎಂದು ಮಾವ ನನ್ನತ್ತ ಕಣ್ಣು ಬಿಟ್ಟ.

"ನಾನು ಒದ್ದೆ. ನಾಲ್ಕು ವಾರ. ಬರ್ಕೊಳಿ," ಎಂದೆ.

ವಾರ್ಡಿನಲ್ಲಿ ಕಿಸಕ್ಕನೆ ನಗು. ಡಾಕ್ಟರು ನಗಲಿಲ್ಲ. "ಗಡ್ಡೆ ಬಂದಿದ್ದು ಒದ್ದಿದ್ದಕ್ಕಲ್ಲಮ್ಮ. ತಡ ಆಗಿದ್ದಂತೂ ಹೌದು. ಇದನ್ನ ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ," ಎಂದು ಬರೆದುಕೊಂಡರು.

ಆಪರೇಷನ್ನಿನಲ್ಲಿ ಗಡ್ಡೆ ಪೂರ್ತಿ ಹೊರಬಂತು. ಅಮ್ಮ ಮೊದಲು ಗೋಡೆ ಹಿಡಿದು, ಆಮೇಲೆ ಗೋಡೆ ಬಿಟ್ಟು ನಡೆದಳು. ಆದರೆ ಬಲಗಾಲಿಗೆ ಮೊದಲಿನ ಕಸುವು ಮರಳಲಿಲ್ಲ. ಅದು ನನ್ನಿಂದಲೇ ಆದದ್ದೆಂದು ವರ್ಷವಿಡೀ ಕೊರಗಿದೆ. ಭಾನುವಾರ ಬಂದವರನ್ನೆಲ್ಲ ಡಾಕ್ಟರ ಹತ್ತಿರ ಓಡಿಸಿದೆ. ಇವಳಿಗೆ ಕೊಬ್ಬು ಅಂದರು, ಅನ್ನಲಿ.

ವರ್ಷದ ತಪಾಸಣೆಗೆ ಹೋದಾಗ ಅದೇ ಡಾಕ್ಟರು ಅದೇ ಫಾರ್ಮ್ ತೆರೆದು, ಕಾಲು ಜೋಮು ಹಿಡಿದದ್ದು ಐದನೆಯ ವಾರ ತಾನೆ ಎಂದು ಕೇಳಿದರು. ಅಮ್ಮ ತಲೆ ಅಲ್ಲಾಡಿಸಿದಳು.

"ಅಲ್ಲ ಸಾರ್. ಮೊದ್ಲನೇ ವಾರಕ್ಕೇ ಕಾಲು ನಂದಲ್ಲ ಅನ್ನಿಸ್ತಿತ್ತು. ಹಗುರ ಆಯ್ತು ಅಂತ ಸುಳ್ಳು ಹೇಳ್ದೆ. ಮದುವೆಗೆ ಬಂದ ಹುಡ್ಗಿ. ಹೆತ್ತೋಳಿಗೇ ಇವಳ ಕಾಲ್ಗುಣ ಹತ್ಲಿಲ್ಲ ಅಂತ ಜನ ಆಡ್ಕೊಂಡ್ರೆ ಯಾರು ಮಾಡ್ಕೋತಾರೆ? ನನ್ನ ಕಾಲು ಹೋದ್ರೆ ಹೋಗ್ಲಿ ಅಂದ್ಕೊಂಡೆ. ತಡ ಮಾಡಿದ್ದು ನಾನು. ಇವಳು ಹೇಳಿದ್ದನ್ನ ಹೊಡೆದು ಹಾಕಿ."

ನನಗೆ ಸಿಟ್ಟು ನೆತ್ತಿಗೇರಿತು. ಅಂಥ ಮದುವೆ ಯಾರಿಗೆ ಬೇಕಿತ್ತು? ಫಾರ್ಮಿನ ಮೇಲೆ ಕೈಯಿಟ್ಟೆ.

"ಏನೂ ಹೊಡೀಬೇಡಿ ಸಾರ್. ಕೆಳಗೆ ಅಮ್ಮಂದೂ ಬರ್ಕೊಳಿ. ಇಬ್ರದ್ದೂ ಇರಲಿ."