ದ್ಯಾವಪ್ಪ ದೇವರ ಜೊತೆ ಮಾತು ಬಿಟ್ಟ ಮೂರು ದಿನ

ಪಾಮನಕಲ್ಲೂರಿನ ಊರ ಬಾವಿಯ ಕಟ್ಟೆ ಮೇಲೆ ಇನ್ನೂ ಬೆಳಕು ಸರಿಯಾಗಿ ಬಿದ್ದಿಲ್ಲ. ಆಗಲೇ ಬಾವಿಯೊಳಗಿನಿಂದ ಮಾತು ಕೇಳಿಬರುತ್ತಿದೆ.

"ಎಡಕ್ಕೈತೋ, ಬಲಕ್ಕೈತೋ, ಹೇಳಪ್ಪಾ. ನಿನಗ ಮ್ಯಾಲಿಂದ ಎಲ್ಲಾ ಕಾಣ್ತೈತಿ, ನನಗ ಕಾಣಂಗಿಲ್ಲ. ಏನು, ಎಡಕ್ಕಾ? ನಾ ಬಲಕ್ಕ ನೋಡ್ತೀನಿ. ಸಿಗದಿದ್ರ ನೀ ಹೇಳಿದ್ದೇ ಖರೆ."

ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಬಗ್ಗಿ ನೋಡುತ್ತಾಳೆ. "ಒಳಗ ಎಷ್ಟು ಮಂದಿ ಅದಾರ್ರೀ?"

ಹಗ್ಗ ಹಿಡಿದು ಕೂತ ಹುಸೇನಬಾಷಾ ಎಲೆ ಅಡಿಕೆ ಜಗಿಯುತ್ತಲೇ ಉತ್ತರಿಸುತ್ತಾನೆ. "ಒಬ್ಬಾನೇ ಅದಾನವ್ವಾ. ಇನ್ನೊಬ್ಬಾತ ಅವರಪ್ಪ. ಆತ ಒಳಗ ಇಳಿಯಂಗಿಲ್ಲ, ಮ್ಯಾಲಿರ್ತಾನ."

ಸ್ವಲ್ಪ ಹೊತ್ತಿಗೆ ಒಂದು ಸ್ಟೀಲ್ ಕೊಡ ಮೇಲೆ ಬರುತ್ತದೆ, ಅದರ ಹಿಂದೆಯೇ ದ್ಯಾವಪ್ಪ. ವಯಸ್ಸು ಐವತ್ತೆರಡು, ಸಣಕಲು ಮೈ. ಒದ್ದೆ ಧೋತರ ಹಿಂಡಿಕೊಳ್ಳುತ್ತಾ ಮೊದಲು ಹೇಳುವ ಮಾತು: "ಎಡಕ್ಕೇ ಇತ್ತು."

ಬಾವಿಗೆ ಬಿದ್ದದ್ದನ್ನು ಎತ್ತುವುದು ದ್ಯಾವಪ್ಪನ ಕಸುಬು. ಮಸ್ಕಿಯ ಮನೆಯಿಂದ ಸೈಕಲ್ ಹತ್ತಿ, ಹೆಗಲಿಗೆ ಹಗ್ಗ, ಕ್ಯಾರಿಯರಿಗೆ ಪಾತಾಳಗರಡಿ ಕಟ್ಟಿಕೊಂಡು ಸುತ್ತಲಿನ ಊರುಗಳಿಗೆ ಹೊರಡುತ್ತಾನೆ. ಪಾತಾಳಗರಡಿಯೆಂದರೆ ಹತ್ತಾರು ಕೊಕ್ಕೆಗಳ ಕಬ್ಬಿಣದ ಗೊಂಚಲು. ಅದನ್ನು ನೀರಿಗೆ ಬಿಟ್ಟು ಆಡಿಸಿದರೆ ಕೊಡದ ಕಂಠ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಸಿಗದಿದ್ದರೆ ತಾನೇ ಇಳಿಯುತ್ತಾನೆ. ಹೆಂಗಸರು ಸೇದಲು ಬಂದರೆ ನೀರು ಕಲಕುತ್ತದೆ, ಅದಕ್ಕೇ ಬೆಳಗಿನ ಜಾವದ ಕೆಲಸ. ಬೇಸಿಗೆಯಲ್ಲಿ ದಿನಕ್ಕೆ ಮೂರೋ ನಾಲ್ಕೋ ಕೊಡ, ಮದುವೆಯ ದಿನಗಳಲ್ಲಿ ಏಳೆಂಟು. ಕೂಲಿ ಎಂದರೆ ಹೆಚ್ಚಾಗಿ ಸೇರು ಜೋಳ. ಮೂವತ್ತು ವರ್ಷಗಳಲ್ಲಿ ಒಬ್ಬ ಮೇಷ್ಟ್ರ ರೇಡಿಯೊ, ಒಬ್ಬ ಅಜ್ಜನ ಕಟ್ಟಿಸಿದ ಹಲ್ಲಿನ ಸೆಟ್ಟು, ಜೀವಂತ ಮೇಕೆಮರಿ, ಎಲ್ಲವನ್ನೂ ಎತ್ತಿದ್ದಾನೆ. "ಹಲ್ಲಿನ ಸೆಟ್ಟು ನನ್ನ ನೋಡಿ ನಕ್ಕಂಗಾತು. ಅವತ್ತೊಂದೇ ದಿನ ನಾ ಅಂಜಿದ್ದು" ಎನ್ನುತ್ತಾನೆ.

ದ್ಯಾವಪ್ಪನಿಗೆ ನಾಲ್ಕು ತುಂಬುವುದರೊಳಗೆ ತಂದೆ ತೀರಿಕೊಂಡರು. ಅವರ ಮುಖವೂ ನೆನಪಿಲ್ಲ. 1981ರಲ್ಲಿ ಮಸ್ಕಿಗೆ ಬರುತ್ತಿದ್ದ ಕರುಣಮ್ಮ ಎಂಬ ಬೈಬಲ್ ಓದಿಸುವ ಹೆಂಗಸಿನ ಬಕೆಟ್ ಬಾವಿಗೆ ಬಿತ್ತು. ಎತ್ತಿಕೊಟ್ಟವನಿಗೆ ಆಕೆ ಚಹಾ ಕೊಟ್ಟು ಯೇಸುವಿನ ಕಥೆ ಹೇಳಿದರು. ದೇವರು ತಂದೆಯಂತೆ, ತಂದೆಯ ಜೊತೆ ಮಾತಾಡಿದ ಹಾಗೆಯೇ ಮಾತಾಡಬಹುದು ಎಂದರು. ಬೇರೆಯವರಾದರೆ ಕೇಳಿ ತಲೆದೂಗಿ ಸುಮ್ಮನಾಗುವ ಮಾತು. ದ್ಯಾವಪ್ಪ ಅದನ್ನು ಅಕ್ಷರಶಃ ತೆಗೆದುಕೊಂಡ. "ಅಪ್ಪಾ ಅಂತ ಕರಿಯಾಕ ನನಗ ಯಾರೂ ಇದ್ದಿಲ್ಲ. ಒಬ್ಬಾತ ಸಿಕ್ಕ. ಬಿಡ್ತೀನೇನು?"

ಅಂದಿನಿಂದ ಮಾತು ನಿಂತಿಲ್ಲ. ಸೈಕಲ್ ಪಂಕ್ಚರ್ ಆದರೂ ಹೇಳಬೇಕು, ಸಾರಿಗೆ ಉಪ್ಪು ಹೆಚ್ಚಾದರೂ ಹೇಳಬೇಕು. ಭಾನುವಾರ ಬಸ್ಸು ಹತ್ತಿ ಲಿಂಗಸುಗೂರಿನ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾನೆ. ಅಲ್ಲಿನ ಪಾಸ್ಟರ್ ಜಯಶೀಲರದು ಅಚ್ಚುಕಟ್ಟಾದ ಪ್ರಾರ್ಥನೆ: "ಪರಲೋಕದಲ್ಲಿರುವ ತಾವು ಕರುಣೆಯಿಟ್ಟು ಆಲಿಸಬೇಕು." ಅವರ ಆಮೆನ್ ಮುಗಿಯುತ್ತಿದ್ದಂತೆ ಹಿಂದಿನ ಚಾಪೆಯಿಂದ ಇನ್ನೊಂದು ದನಿ: "ಯಪ್ಪಾ, ನಿನ್ನೆ ಹೇಳಿದ್ದು ನೆನಪೈತಲ್ಲ?" ದೇವರ ಮುಂದೆ ಸ್ವಲ್ಪ ಮರ್ಯಾದೆ ಇರಲಿ ಎಂದು ಪಾಸ್ಟರ್ ಎಷ್ಟೋ ಸಲ ತಿದ್ದಿದರು. ದ್ಯಾವಪ್ಪ ಒಂದು ವಾರ 'ತಾವು' ಎಂದು ನೋಡಿದ. "ಯಾರೋ ತಹಶೀಲ್ದಾರ್ರ ಮುಂದ ನಿಂತಂಗಾತ್ರಿ. ಹೇಳಬೇಕಾಗಿದ್ದೇ ಮರೆತು ಹೋತು" ಎಂದು ಮತ್ತೆ 'ನೀ'ಗೆ ಮರಳಿದ.

ಇಂಥವನು 1993ರ ಬೇಸಿಗೆಯಲ್ಲಿ ದೇವರ ಜೊತೆ ಮಾತು ಬಿಟ್ಟ.

ಕಾರಣ ದವಡೆ ಹಲ್ಲು. ನೋವು ತಾಳಲಾರದೆ ನಾಲ್ಕು ದಿನ ಬೇಡಿಕೊಂಡ. ನೋವು ಇಳಿಯಲಿಲ್ಲ, ಕೆನ್ನೆ ಬನ್ನಿನಂತೆ ಉಬ್ಬಿತು. ಐದನೇ ದಿನ ಅಂಗಳದಲ್ಲಿ ನಿಂತು ಆಕಾಶಕ್ಕೆ ಮುಖ ಮಾಡಿ, "ಇನ್ನ ನೀ ಯಾರೋ, ನಾ ಯಾರೋ" ಎಂದು ಒಳಗೆ ಹೋಗಿ ಮಲಗಿದ.

"ಮೊದಲನೇ ದಿನ ಮನಿ ತಣ್ಣಗಿತ್ರಿ, ನನಗ ಹಬ್ಬ ಬಂದಂಗಾತು" ಎಂದು ನಗುತ್ತಾಳೆ ಹೆಂಡತಿ ಸೂಗಮ್ಮ. "ಎರಡನೇ ದಿನ ನನಗೇ ಹೆದರಿಕಿ ಆತು. ನನ್ನ ಜತಿ ಮುನಿಸ್ಕೊಂಡ್ರ ಎರಡು ರೊಟ್ಟಿ ಜಾಸ್ತಿ ತಿಂತಾನ. ಅಂವನ ಜತಿ ಮುನಿಸ್ಕೊಂಡು ಅಂಬಲಿನೂ ಮುಟ್ಟಲಿಲ್ಲ."

ಮೂರನೇ ದಿನ ಪಾಮನಕಲ್ಲೂರಿನ ಆದಮ್ಮನಿಂದ ಕರೆ ಬಂತು. ಮಗಳಿಗೆ ಕೊಡಬೇಕೆಂದು ತಂದ ಹೊಸ ತಾಮ್ರದ ಕೊಡ ಬಾವಿ ಪಾಲಾಗಿತ್ತು, ಸಂಜೆಗೆ ಬೀಗರು ಬರುವವರಿದ್ದರು. ಅರವತ್ತಡಿ ಆಳದ ಬಾವಿ. ಪಾತಾಳಗರಡಿಗೆ ಕೊಡ ಸಿಗಲಿಲ್ಲ. ಬಾಯಿ ಬಿಗಿದುಕೊಂಡೇ ದ್ಯಾವಪ್ಪ ಸೊಂಟಕ್ಕೆ ಹಗ್ಗ ಕಟ್ಟಿ ಇಳಿದ.

ಇಲ್ಲೊಂದು ತೊಡಕಿತ್ತು. ಹಗ್ಗ ಹಿಡಿಯುವ ಹುಸೇನಬಾಷಾನಿಗೆ ಒಳಗಿನ ಮಾತೇ ಗುರುತು. ಮಾತು ಕೇಳುವವರೆಗೆ ಮನುಷ್ಯ ಸಲಾಮತ್ತಾಗಿದ್ದಾನೆ ಎಂದು ಲೆಕ್ಕ. ಅವತ್ತು ಕಾಲು ಗಂಟೆಯಾದರೂ ಒಂದು ಚಕಾರವಿಲ್ಲ. ಹುಸೇನಬಾಷಾ ಕೂಗಿ ನೋಡಿದ. ದ್ಯಾವಪ್ಪನ ಉಬ್ಬಿದ ಕೆನ್ನೆಯೊಳಗಿನ 'ಹ್ಞೂಂ' ಅರವತ್ತಡಿ ಏರಿ ಬರಲಿಲ್ಲ. ಗಾಬರಿಯಾಗಿ ಹಗ್ಗ ಜಗ್ಗಿಯೇ ಬಿಟ್ಟ.

ಮೇಲೆ ಬಂದದ್ದು ತಾಮ್ರದ ಕೊಡ. ಆದಮ್ಮನ ಮುಖ ಅರಳಿತು, ಮರುಕ್ಷಣವೇ ಬಾಯಿ ಬಡಿದುಕೊಂಡಳು. "ಕೊಡ ಬಂತು! ಮನಷ್ಯಾ ಎಲ್ಲಿ?"

ಆಗಷ್ಟೇ ದ್ಯಾವಪ್ಪ ಸೊಂಟದ ಹಗ್ಗ ಬಿಚ್ಚಿ ಕೊಡಕ್ಕೆ ಬಿಗಿದಿದ್ದ. ಹಗ್ಗ ಸರ್ರನೆ ಏರಿದ ರಭಸಕ್ಕೆ ಕಾಲಡಿಯ ಕಲ್ಲು ಜಾರಿ, ಕೆನ್ನೆ ಗೋಡೆಗೆ ಬಡಿದು ನೀರಿಗೆ ಬಿದ್ದ. ಕತ್ತಿನವರೆಗೂ ನೀರು, ಕಾಲಿಗೆ ನೆಲ ಸಿಗಲಿಲ್ಲ. ಕೈಗೆ ಸಿಕ್ಕ ಕಲ್ಲಿನ ಅಂಚು ಪಾಚಿ ಕಟ್ಟಿತ್ತು, ಬೆರಳು ಒಂದೊಂದಾಗಿ ಜಾರುತ್ತಿದ್ದವು. ಆಗಲೂ ಹಠ: ಮೊದಲು ತಾನು ಮಾತಾಡಬಾರದು.

"ಸಾವಿಗೆ ಅಂಜಲಿಲ್ರೀ. ಸತ್ರ ಅಂವನ ಮನಿಗೇ ಹೋಗಬೇಕಲ್ಲ. ಮಾತು ಬಿಟ್ಟವರ ಮನಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಅದೇ ದೊಡ್ಡ ಚಿಂತಿ ಆತು."

ಮೇಲಿದ್ದವರಿಗೆ ಬಾವಿ ನಡುಗುವಂಥ ಕೂಗು ಕೇಳಿಸಿತು. "ಯಪ್ಪಾ! ನಾ ಮಾತು ಬಿಟ್ಟೀನಿ ಅಂತ ನೀ ಕೈ ಬಿಡ್ತಿಯೇನು?"

"ಬದುಕ್ಯಾನ!" ಎಂದು ಹುಸೇನಬಾಷಾ ಹಗ್ಗ ಎಸೆದ. "ಹಿಡಿಯೋ ದ್ಯಾವಪ್ಪಾ!"

"ಹಿಡದೀನಿ. ತಡಿ, ಜಗ್ಗಬ್ಯಾಡ, ಮಾತು ಮುಗಿದಿಲ್ಲ."

ಮೂರು ದಿನದ ಬಾಕಿಯೆಲ್ಲ ಅಲ್ಲೇ ಹೊರಬಂತು. ತಪ್ಪಾಯಿತು ಎಂದ, ನಿನ್ನದೂ ಸ್ವಲ್ಪ ತಪ್ಪಿದೆ ಎಂದ, ಅತ್ತ. ಅಳುವಾಗ ಬಾಯಿಂದ ಏನೋ ಗಟ್ಟಿಯಾದದ್ದು ಅಂಗೈಗೆ ಬಿತ್ತು: ದವಡೆ ಹಲ್ಲು. ಗೋಡೆಗೆ ಬಡಿದ ಏಟಿಗೆ ಬೇರುಸಹಿತ ಬಂದಿತ್ತು. ಅದನ್ನು ಮೇಲಿನ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮೆತ್ತಗಿನ ದನಿ: "ಕಿತ್ತು ಕೊಟ್ಟೆಲ್ಲಪ್ಪಾ. ಆದ್ರ ಇಷ್ಟು ಜೋರಾಗಿ ಕೊಡಬೇಕಿತ್ತಾ?"

ಕಟ್ಟೆಯ ಸುತ್ತ ನೆರೆದಿದ್ದ ಹೆಂಗಸರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಸಂಜೆ ಬೀಗರ ಊಟದಲ್ಲಿ ಆದಮ್ಮ ದ್ಯಾವಪ್ಪನಿಗೇ ಮೊದಲು ಹೋಳಿಗೆ ಬಡಿಸಿದಳು. ಒಂದೇ ಕಡೆಯ ಹಲ್ಲಲ್ಲಿ ಆರು ಹೋಳಿಗೆ ಹೋದವು ಎಂದು ಹುಸೇನಬಾಷಾ ಸಾಕ್ಷಿ ಹೇಳುತ್ತಾನೆ.

ಸುದ್ದಿ ಲಿಂಗಸುಗೂರಿಗೂ ಮುಟ್ಟಿತು. ಭಾನುವಾರ ಪಾಸ್ಟರ್ ಜಯಶೀಲರು ತಾವಾಗಿಯೇ ದ್ಯಾವಪ್ಪನನ್ನು ಮುಂದೆ ಕರೆದು, ನಡೆದದ್ದನ್ನು ಸಭೆಗೆ ಹೇಳು ಎಂದರು. ದ್ಯಾವಪ್ಪ ಎದ್ದು ನಿಂತ, ತಲೆ ಕೆರೆದುಕೊಂಡ. "ಅಪ್ಪ ಮಗನ ಜಗಳ ಮನಿಯಾಗೇ ಮುಗದೈತ್ರಿ. ನಾಲ್ಕು ಮಂದ್ಯಾಗ ಹೇಳಿದ್ರ ಆತಗೂ ಬೇಜಾರಾಗ್ತೈತಿ" ಎಂದು ಕೂತುಬಿಟ್ಟ. ಪಾಸ್ಟರ್ ಮುಂದೆಂದೂ ಅವನ 'ನೀ'ಯನ್ನು ತಿದ್ದಲಿಲ್ಲ.

ಇದಾಗಿ ಮೂರು ವರ್ಷ. ಊರೂರಿಗೆ ಬೋರಿನ ಕೈಪಂಪುಗಳು ಬರುತ್ತಿವೆ, ಬಾವಿಗೆ ಕೊಡ ಬೀಳುವುದು ಕಡಿಮೆಯಾಗಿದೆ. ಕೆಲಸ ಕಡಿಮೆಯಾದರೆ ಹೇಗೆ ಎಂದು ಕೇಳಿದರೆ, "ಅದನ್ನ ಆತಗ ಹೇಳೀನಿ, ನೋಡ್ತಾನ" ಎಂದಷ್ಟೇ ಹೇಳಿ ಹಗ್ಗ ಸುತ್ತುತ್ತಾನೆ. ದೇವರಲ್ಲಿ ಇನ್ನೇನಾದರೂ ಕೇಳುವುದಿದೆಯೇ?

ದ್ಯಾವಪ್ಪ ಸೈಕಲ್ಲಿಗೆ ಒರಗಿ ಬಹಳ ಹೊತ್ತು ಯೋಚಿಸುತ್ತಾನೆ. ಪರಿಚಯವಾದ ಇಷ್ಟು ಹೊತ್ತಿನಲ್ಲಿ ಅವನು ಸುಮ್ಮನಿದ್ದದ್ದು ಇದೇ ಮೊದಲು.

"ಹದಿನೈದು ವರ್ಷ ನಾನೇ ಮಾತಾಡೀನ್ರಿ. ಪಾಪ, ಅಂವಗ ಬಾಯಿ ತೆರಿಯಾಕ ಎಲ್ಲಿ ಬಿಟ್ಟೀನಿ? ಒಂದಿನ ಅಂವ ಹೇಳ್ಲಿ. ನಾ ಸುಮ್ಮ ಕುಂತು ಕೇಳ್ತೀನಿ."